ಹನ್ನೆರಡನೆಯ ಸಾಲಿನ ಸಂದು

ಫೋನು ಮೊದಲ ಸಲ ಹೊಡೆದುಕೊಂಡಾಗ ಶಿವಗಂಗವ್ವನ ಎಡ ಅಂಗೈಯಲ್ಲಿ ಲಿಂಗವಿತ್ತು. ಬೆಳಗಿನ ಆರೂಕಾಲು. ಆ ಹೊತ್ತಿಗೆ ಯಾರೂ ಒಳ್ಳೆಯ ಸುದ್ದಿ ಹೇಳಲು ಫೋನು ಮಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗೈ ಅಲುಗಿಸಲಿಲ್ಲ. ನೀರೆರೆದಳು, ವಿಭೂತಿ ಹಚ್ಚಿದಳು, ಪತ್ರಿಯ ಎಲೆಯೊಂದನ್ನು ಇಟ್ಟಳು. ಫೋನು ನಿಂತಿತು, ಮತ್ತೆ ಹೊಡೆದುಕೊಂಡಿತು, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು: ಇದು ಭಕ್ತಿಯೋ, ಇನ್ನೆರಡು ನಿಮಿಷ ಮುತ್ತೈದೆಯಾಗಿ ಉಳಿಯುವ ಆಸೆಯೋ? ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ ಮೇಲೆಯೇ ಎದ್ದು ಹೋಗಿ ಫೋನೆತ್ತಿದಳು. ಆಸ್ಪತ್ರೆಯಿಂದ ಮಗ ಶಿವಪ್ರಕಾಶ "ಅವ್ವಾ" ಎಂದ. "ಎಷ್ಟೊತ್ತಿಗೆ?" ಎಂದು ಕೇಳಿದಳು. "ಐದೂವರಿಗೆ. ನಿದ್ದ್ಯಾಗ." ಅವಳು "ಹೂಂ" ಎಂದಳು. ಆಮೇಲೆ ಬಾಯಿಂದ ಬಂದ ಮಾತು ಅವಳಿಗೇ ನಾಚಿಕೆ ತರುವಂಥದು: "ಕಾಲು ಮಡಚ್ಯಾರೋ ಇಲ್ಲೋ?"

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ, ಹಣೆಗೆ ಬಿಳಿ ಪಟ್ಟಿ ಸುತ್ತಿ, ಆ ಪಟ್ಟಿಯನ್ನು ಗೋಡೆಯ ಗೂಟಕ್ಕೆ ಕಟ್ಟಿ ಕೂಡಿಸುತ್ತಾರೆ. ಬಂದವರು ಕೂತವನ ಎದುರಿಗೆ ಕೂತು ಭಜನೆ ಮಾಡುತ್ತಾರೆ. ಹೊರಡುವಾಗಲೂ ಕೂತೇ ಹೊರಡಬೇಕು. ಮಣ್ಣಿನೊಳಗೂ ಕೂತೇ ಇರಬೇಕು. ಮೂರು ನಾಲ್ಕು ತಾಸು ತಡವಾದರೆ ಮೊಣಕಾಲು ಮಾತು ಕೇಳುವುದಿಲ್ಲ. ಶಿವಗಂಗವ್ವನ ಅಪ್ಪನಿಗೆ ಹಾಗೆ ತಡವಾಗಿತ್ತು. ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಗಂಡಸರು ಸೇರಿ ಕಾಲು ಮಡಚಿದಾಗ ಬಂದ ಸದ್ದನ್ನು ಅವಳು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ಸೀರೆ ಬದಲಿಸಿ ಹೊರಗೆ ಬರುವಾಗ ಮುಂಭಾಗದ ಹಾಲಿನ ಗೋಡೆಯ ಎದುರು ಒಂದು ಗಳಿಗೆ ನಿಂತಳು. ತೊಂಬತ್ತು ವರ್ಷದ ಮನೆ. ಪುಣೆಯ ಎರಂಡವಣೆಯ ಆ ಗಲ್ಲಿಯಲ್ಲಿ ಸುತ್ತಲೂ ಏಳೆಂಟು ಅಂತಸ್ತಿನ ಕಟ್ಟಡಗಳು ಎದ್ದ ಮೇಲೂ ಉಳಿದದ್ದು ಈ ಗಿಲಾಯಿಯಿಲ್ಲದ, ಗಾರೆ ಮೆತ್ತದ ಬರೀ ಇಟ್ಟಿಗೆಯ ಮನೆಯೊಂದೇ. ಕೆಳಗೆ ಕರಿಗಲ್ಲಿನ ಅಡಿಪಾಯ, ಮೇಲೆ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಕೂರಿಸಿದ ತೆಳ್ಳನೆಯ ಇಟ್ಟಿಗೆ, ಕಿಟಕಿಯ ನೆತ್ತಿಯ ಮೇಲೆ ಬೀಸಣಿಗೆ ಬಿಚ್ಚಿದಂತೆ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಗಾಳಿಗೆಂದು ಬಿಟ್ಟ ಮಣ್ಣಿನ ಜಾಲರಿ. ಮೇಲಿನ ಅಂತಸ್ತಿನಲ್ಲಿ ಮನೆಯ ಮಾಲಕ ಮಂದಾರ. ಕೆಳಗೆ ನಲವತ್ತೊಂದು ವರ್ಷದಿಂದ ಬಾಡಿಗೆಗೆ ಈರಬಸಪ್ಪ ಮತ್ತು ಅವಳು. ಮನೆಯನ್ನು ಮೊದಲಿನಂತೆ ಮಾಡುವ ಕೆಲಸವನ್ನು ಮಂದಾರ ವರ್ಷದಿಂದ ನಡೆಸಿದ್ದ. ಹಾಲಿನ ಗೋಡೆ ಕೊನೆಯದು. ಇಟ್ಟಿಗೆಗಳ ನಡುವಿನ ಹಳೆಯ ಸಂದುಗಳನ್ನೆಲ್ಲ ಕೆರೆದು ಹೊಸ ಸುಣ್ಣ ತುಂಬಿ ಮೂರೇ ದಿನವಾಗಿತ್ತು. ಸುಣ್ಣ ಒಣಗಿ ಬಿರಿಯಬಾರದೆಂದು ಇಳಿಬಿಟ್ಟಿದ್ದ ಒದ್ದೆ ಗೋಣಿತಟ್ಟಿನಿಂದ ನೀರು ನೆಲದ ಫರಶಿಯ ಮೇಲೆ ಹನಿಯುತ್ತಿತ್ತು. ಅವಳು ಗೋಣಿಯ ಒಂದು ಮೂಲೆ ಎತ್ತಿ ನೆಲದಿಂದ ಸಾಲು ಎಣಿಸಿದಳು. ಈರಬಸಪ್ಪ ಸಂಜೆ ಚಹಾ ಕುಡಿಯುತ್ತ ಅಲ್ಲೇ ಒರಗಿ ಕೂರುತ್ತಿದ್ದರು. ತಲೆ ಹನ್ನೊಂದನೆಯ ಸಾಲಿಗೆ ಬರುತ್ತಿತ್ತು. ಮಣೆ ಹಾಕಿದರೆ ಇನ್ನೊಂದು ಸಾಲು ಏರುತ್ತದೆ. ಗಂಡ ಸತ್ತ ಸುದ್ದಿ ಬಂದು ಹತ್ತು ನಿಮಿಷವಾಗಿಲ್ಲ, ತಾನು ಇಟ್ಟಿಗೆ ಎಣಿಸುತ್ತಿದ್ದೇನೆ ಎಂದು ಅವಳಿಗೆ ಅನಿಸಿತು. ಅನಿಸಿದರೂ ಎಣಿಸುವುದನ್ನು ಮುಗಿಸಿಯೇ ಗೋಣಿ ಇಳಿಸಿದಳು.

ರಿಕ್ಷಾ ಶಿವಾಜಿನಗರದ ಆಸ್ಪತ್ರೆಯ ಕಡೆ ಓಡುತ್ತಿದ್ದಾಗ ಅವಳಿಗೆ ಅಳು ಬರಲಿಲ್ಲ; ಆ ಮನೆಗೆ ಬಂದ ಮೊದಲ ದಿನದ ನಿರಾಶೆ ನೆನಪಾಯಿತು. ಗಂಡ ಪುಣೆಯಲ್ಲಿ ಕಟ್ಟಡಗಳ ನಕಾಶೆ ಬರೆಯುವ ಕೆಲಸದಲ್ಲಿದ್ದಾನೆ, ಬಂಗಲೆಯಲ್ಲಿ ಇರುತ್ತಾನೆ ಎಂದು ಕೇಳಿ ಬಂದವಳು ಗೇಟಿನಲ್ಲಿ ನಿಂತು, ಇದನ್ನು ಕಟ್ಟಿ ಮುಗಿಸುವಷ್ಟು ಗತಿ ಇವರಿಗೆ ಇರಲಿಲ್ಲವೇ ಎಂದುಕೊಂಡಿದ್ದಳು. ಬಿಟ್ಟುಕೊಡದೆ "ಭಾಳ ಚೊಲೋ ಅದ" ಎಂದಿದ್ದಳು. ಆ ಸುಳ್ಳನ್ನು ಈರಬಸಪ್ಪ ನಿಜವೆಂದೇ ತಿಳಿದು ಅವತ್ತು ಮಧ್ಯಾಹ್ನವೆಲ್ಲ ಗೋಡೆಯಿಂದ ಗೋಡೆಗೆ ಕರೆದೊಯ್ದು ತೋರಿಸಿದ್ದರು. ಮಾತೇ ಆಡದ ಮನುಷ್ಯ ಬದುಕಿನಲ್ಲಿ ಅಷ್ಟು ಮಾತಾಡಿದ್ದು ಆ ದಿನವೇ ಇರಬೇಕು. ಇಟ್ಟಿಗೆಗಿಂತ ಸಂದು ಮೆತ್ತಗಿರಬೇಕು, ನೀರು ಸಂದಿನಿಂದಲೇ ಒಳಗೆ ಬಂದು ಸಂದಿನಿಂದಲೇ ಹೊರಗೆ ಹೋಗಬೇಕು, ಸಿಮೆಂಟು ತುಂಬಿದರೆ ನೀರು ಇಟ್ಟಿಗೆಯನ್ನೇ ತಿನ್ನುತ್ತದೆ. ಅವಳು ಹೂಂಗುಟ್ಟುತ್ತ ಕ್ಯಾಲೆಂಡರು ಎಲ್ಲಿ ತೂಗಹಾಕುವುದೆಂದು ಯೋಚಿಸಿದ್ದಳು. ಮರುದಿನ ಮೊಳೆ ತೆಗೆದುಕೊಂಡು ನಿಂತಾಗ ಅವರು ಕೈ ಹಿಡಿದಿದ್ದರು. ಮದುವೆಯಾದ ಮೇಲೆ ಹಗಲಿನಲ್ಲಿ ಅವರು ಅವಳ ಕೈ ಹಿಡಿದದ್ದು ಅದೇ ಮೊದಲು, ಮತ್ತು ಅದು ಮೊಳೆ ಕಸಿದುಕೊಳ್ಳಲು. ನಲವತ್ತೊಂದು ವರ್ಷ ಕ್ಯಾಲೆಂಡರು ಅಡಿಗೆಮನೆಯ ಕಟ್ಟಿಗೆಯ ಬಾಗಿಲ ಹಿಂದೆಯೇ ನೇತಾಡಿತು.

ಆಸ್ಪತ್ರೆಯಲ್ಲಿ ಕಾಲು ಮಡಚಿರಲಿಲ್ಲ. ಎರಡೂ ಕಾಲನ್ನು ನೆಟ್ಟಗೆ ಚಾಚಿ, ಹೆಬ್ಬೆರಳುಗಳನ್ನು ಬ್ಯಾಂಡೇಜಿನ ಪಟ್ಟಿಯಿಂದ ಜೋಡಿಸಿ ಕಟ್ಟಿದ್ದರು. ಅವಳು ಮುಖ ನೋಡುವ ಮೊದಲು ಆ ಗಂಟು ನೋಡಿದಳು. ಬಾಗಿ ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸಲು ಹೋದಾಗ ವಾರ್ಡಿನ ಆಯಾ ಮಾವಶಿ ಓಡಿಬಂದು "ಆಜೀ, ಸೋಡೂ ನಕಾ, ನಿಯಮ ಆಹೇ" ಎಂದಳು, ಬಿಚ್ಚಬೇಡಿ, ನಿಯಮವಿದೆ ಎಂದು. "ನಿಯಮ ನಿಮ್ಮದು, ಗಂಡ ನನ್ನವ" ಎಂದು ಶಿವಗಂಗವ್ವ ಕನ್ನಡದಲ್ಲೇ ಹೇಳಿ ಗಂಟು ಬಿಚ್ಚಿದಳು. ಮಾವಶಿಗೆ ಅರ್ಥವಾಯಿತೋ ಇಲ್ಲವೋ, ಪರದೆ ಎಳೆದು ಹೋದಳು. ಮೊಣಕಾಲು ಇನ್ನೂ ಮೆತ್ತಗಿದ್ದವು. ಮೊದಲು ಬಲಗಾಲು, ಆಮೇಲೆ ಎಡಗಾಲು. ಮೊಣಕಾಲ ಚಿಪ್ಪಿನ ಮೇಲೆ ದಪ್ಪ ಜಡ್ಡುಗಟ್ಟಿತ್ತು, ವರ್ಷಗಟ್ಟಲೆ ನೆಲಕ್ಕೂರಿ ಕೆಲಸ ಮಾಡಿದ ಜಡ್ಡು. ಅದರ ಮೇಲೆ ಅವಳ ಕೈ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು.

"ಅವ್ವಾ, ಒಂದ್ ಮಾತು" ಎಂದು ಶಿವಪ್ರಕಾಶ ಅವಳನ್ನು ಕಿಟಕಿಯ ಬಳಿ ಕರೆದ. ಖರಾಡಿಯ ವಿಮಾ ಕಚೇರಿಯಲ್ಲಿ ದಿನವಿಡೀ ಜನರಿಗೆ ಇಲ್ಲ ಎನ್ನುವುದನ್ನು ಸೌಮ್ಯವಾಗಿ ಹೇಳಿ ಅಭ್ಯಾಸವಾದ ದನಿ. "ನಮ್ಮ ಸೊಸೈಟ್ಯಾಗ ನಮ್ಮ ಫ್ಲ್ಯಾಟು ಹದಿನಾಕನೇ ಮಜಲಿ. ಲಿಫ್ಟಿನ್ಯಾಗ ಹಿಡಿಯಂಗಿಲ್ಲ. ಇಲ್ಲಿಂದ ಸೀದಾ ನಮ್ಮ ಮಂದಿ ರುದ್ರಭೂಮಿಗೇ ಒಯ್ಯೋಣು. ಅಲ್ಲೇ ಮಲಗಿಸಿ..."

"ಮಲಗಿಸಿ?"

"ಈಗ ಭಾಳ ಮಂದಿ ಹಂಗ ಮಾಡ್ತಾರಬೇ."

"ನಿಮ್ಮಪ್ಪ ಭಾಳ ಮಂದಿ ಅಲ್ಲ. ಮನೀಗೆ ಒಯ್ಯೋದು. ಹಾಲಿನ್ಯಾಗ ಕೂಡಿಸೋದು."

ಅವನ ಪಕ್ಕದಲ್ಲಿದ್ದ ಸೊಸೆ ನೀತಾ ಮೆಲ್ಲಗೆ ಹೇಳಿದಳು: "ಅತ್ತೀ, ಮಂದಾರ ಆ ಗ್ವಾಡೀಗೆ ಬೆರಳ ಹಚ್ಚಗೊಡಂಗಿಲ್ರಿ. ಸುಣ್ಣ ಇನ್ನಾ ಹಸಿ ಅದ. ನಾಳೆ ದುರಸ್ತಿ ಆದ ಮನಿ ನೋಡಾಕ ಯಾರ್ಯಾರೋ ಬರಾಕ್ಹತ್ಯಾರಂತ."

"ಬರಲಿ. ನಾಳೀಗೆ ಬರ್ತಾರ. ಇವರು ಇವತ್ತು ಬರ್ತಾರ."

ಅವರೆಲ್ಲ ಮನೆ ಮುಟ್ಟಿದ್ದು ಒಂಬತ್ತಕ್ಕೆ. ಗಾಡಿಯೊಳಗೆ ಈರಬಸಪ್ಪನನ್ನು ಕೂತಂತೆಯೇ ಹಿಡಿದುಕೊಂಡು ಬಂದಿದ್ದರು. ಎಡಕ್ಕೆ ಮಗ, ಬಲಕ್ಕೆ ಅವಳು. ಗೇಟಿನ ಹತ್ತಿರ ಗಾಡಿ ನಿಂತಾಗ ಹೊಸ ಫಲಕ ಅವಳ ಕಣ್ಣಿಗೆ ಬಿತ್ತು. ಮನೆ ಕಟ್ಟಿದ ವರ್ಷ, ಕಟ್ಟಿಸಿದವರು, ನಕಾಶೆ ಬರೆದವರು, ಈಗ ದುರಸ್ತಿ ಮಾಡಿಸಿದ ಕಂಪನಿ, ಕೊನೆಗೆ ಸಣ್ಣ ಅಕ್ಷರದಲ್ಲಿ 'ಬಾಡಿಗೆದಾರರ ಸಹಕಾರದೊಂದಿಗೆ'. ದುರಸ್ತಿಗೆ ಆಧಾರವಾದದ್ದು ಈರಬಸಪ್ಪ ಮೂವತ್ತು ವರ್ಷದ ಹಿಂದೆ, ಯಾರೂ ಕೇಳದೆ, ರಜೆಯ ದಿನಗಳಲ್ಲಿ ಏಣಿ ಹತ್ತಿ ಇಳಿದು, ಇಟ್ಟಿಗೆ ಇಟ್ಟಿಗೆಯನ್ನೂ ಅಳೆದು ಬರೆದಿಟ್ಟ ಇಪ್ಪತ್ತಾರು ಹಾಳೆ. ಫಲಕ ಹಾಕಿದ ದಿನ ಅವಳು ಸಿಟ್ಟಿನಿಂದ "ನೋಡಿದಿರೇನು?" ಎಂದು ಕೇಳಿದ್ದಳು. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, "ಅಕ್ಷರ ಚೊಲೋ ಕೂತಾವ" ಎಂದಿದ್ದರು.

ಮಂದಾರ ಮೆಟ್ಟಿಲಿಳಿದು ಬಂದ. ಐವತ್ತರ ಹತ್ತಿರದ ಗಂಡಸು, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ತಾಯಿ ಗಂಗೂಬಾಯಿ ಶಾಲೆಯ ನೌಕರಿಗೆ ಹೋದಾಗೆಲ್ಲ ಅವನು ಕೆಳಗಿನ ಅಡಿಗೆಮನೆಯಲ್ಲೇ ರೊಟ್ಟಿ ತಿಂದು ಬೆಳೆದವನು. ಕನ್ನಡ ಆಡಲು ಬಾರದಿದ್ದರೂ ಪೂರ್ತಿ ತಿಳಿಯುತ್ತಿತ್ತು. ಈರಬಸಪ್ಪನ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡ. ಅವನ ಅಳು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಮುಂದಿನ ಮಾತು ಕಷ್ಟವಾಯಿತು. ಅವಳು ಹಾಲಿಗೆ ಹೋಗಿ ಗೋಣಿತಟ್ಟು ಎಳೆದು ಕೆಳಗೆ ಹಾಕಿದಳು. ಗಾರೆ ಕೆಲಸದ ಮುದುಕ ಗೌಂಡಿ ಮಧುಕರ ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದವನು ಹಾಗೇ ನಿಂತ.

"ಕಾಕೂ, ಇಥೇ ನಕೋ" ಎಂದ ಮಂದಾರ. ಇಲ್ಲಿ ಬೇಡ. ಇಪ್ಪತ್ತೊಂದು ದಿನ ಈ ಗೋಡೆಗೆ ಏನೂ ತಾಗಬಾರದು, ಗೂಟ ಹೊಡೆದರೆ ಸುತ್ತಲಿನ ಸಂದೆಲ್ಲ ಸಡಿಲವಾಗುತ್ತದೆ, ಕಾಕೂ, ನಿಮಗೆ ಗೊತ್ತಲ್ಲ. ಉಳಿದ ಮೂರು ಕಡೆ ಕಿಟಕಿ, ಬಾಗಿಲು, ಮೆಟ್ಟಿಲು. ಕೂಡಿಸಲು ಇದ್ದದ್ದು ಈ ಗೋಡೆಯೊಂದೇ ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಮೇಲಿನಿಂದ ತನ್ನ ತಂದೆ ಕೂರುತ್ತಿದ್ದ, ಕೈಯಿರುವ ದೊಡ್ಡ ಖುರ್ಚಿ ತರಿಸುತ್ತೇನೆ, ಅದರಲ್ಲಿ ಕೂಡಿಸಿ ಬೆನ್ನಿಗೆ ಕಟ್ಟೋಣ ಎಂದ. ಸಿಟ್ಟು ಬಂದಾಗ ಅವಳು ಮಂದಾರನೊಡನೆ ಮರಾಠಿ ಬಿಟ್ಟು ಕನ್ನಡಕ್ಕಿಳಿಯುತ್ತಿದ್ದಳು.

"ಖುರ್ಚಿ ಮ್ಯಾಲ ಕೂಡಾಕ ಅವರೇನ ಆಫೀಸಿಗೆ ಹೊಂಟಾರೇನೋ?"

"ಕಾಕೂ, ಕಾಕಾಂನಾಚ ಆವಡಲ ನಸತ" ಎಂದ ಮಂದಾರ. ಕಾಕಾ ಅವರಿಗೇ ಇದು ಸೇರುತ್ತಿರಲಿಲ್ಲ.

ಅದು ನಿಜವಾಗಿತ್ತು. ಬೆಳಗಿನಿಂದ ಆ ಮಾತನ್ನು ತನ್ನೊಳಗೆ ಬರದಂತೆ ತಡೆದಿದ್ದಳು. ಮಂದಾರ ಅದನ್ನು ಎಲ್ಲರೆದುರು ಇಟ್ಟುಬಿಟ್ಟ. ಕೂತ ಗಂಡನ ಮುಖ ನೋಡಿದಳು. ಮಗನ ತೋಳಿಗೆ ವಾಲಿದ ಆ ಮುಖದಲ್ಲಿ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಕುರಕುಂಭದಿಂದ ಬಂದ ಸಂಜೆಯೂ ಅದೇ ಮುಖ. ಮೂರು ದಿನ ಅಲ್ಲಿ ಯಾವುದೋ ಕಾರಖಾನೆಯ ಅಳತೆಗೆ ಹೋಗಿದ್ದರು. ಮರುದಿನ ನೀತಾಳ ತವರಿನವರು ಬೆಳಗಾವಿಯಿಂದ ಮನೆ ನೋಡಲು ಬರುವವರಿದ್ದರು. ಹೋದ ಸಲ ಬೇರೊಂದು ಸಂಬಂಧದವರು ಬಂದು ಇದೇ ಹಾಲಿನಲ್ಲಿ ಕೂತು, ಅವಲಕ್ಕಿ ತಿಂದು, ಗೋಡೆ ನೋಡಿ, "ಗಿಲಾಯಿ ಮಾಡಸೂದು ಬಾಕಿ ಐತೇನ್ರಿ?" ಎಂದು ಕೇಳಿ ಎದ್ದು ಹೋಗಿದ್ದರು. ಅವರ ಕಣ್ಣು ಗೋಡೆಯಿಂದ ತನ್ನ ಸೀರೆಯ ಅಂಚಿಗೆ ಇಳಿದದ್ದನ್ನು ಅವಳು ಮರೆತಿರಲಿಲ್ಲ. ಇಬ್ಬರು ಪೇಂಟರುಗಳನ್ನು ಕರೆಸಿ ಒಂದೂವರೆ ದಿನದಲ್ಲಿ ಇಡೀ ಗೋಡೆಗೆ ಗುಲಾಬಿ ಬಣ್ಣದ ಆಯಿಲ್ ಪೇಂಟ್ ಬಳಿಸಿದಳು. ಹೊಳೆಯುವ, ಒರೆಸಬಹುದಾದ, ಉಳಿದವರ ಮನೆಯಂಥ ಗೋಡೆ. ಈರಬಸಪ್ಪ ಒಳಗೆ ಬಂದವರು ಹೆಗಲ ಚೀಲ ಇಳಿಸದೆ ನಿಂತರು. "ನೀರು ಕೊಡು" ಎಂದರು. ಕುಡಿದರು. ಆ ಸಂಬಂಧ ಕೂಡಿಬಂತು. ಮಳೆಗಾಲ ಬಂದಾಗ ಬಣ್ಣ ಬೊಬ್ಬೆಯೆದ್ದು ಸುಲಿದು, ಸುಲಿಯುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ದಿನವೂ ಕಸಬರಿಗೆಗೆ ಕೆಂಪು ಪುಡಿ. ಆಗ ಅವರು ಶುರುಮಾಡಿದರು. ಕಬ್ಬಿಣ ಮುಟ್ಟಿಸದೆ ಬಿದಿರಿನ ಸೀಳಿನಿಂದ ಕೆರೆಯುವುದು, ಹಕ್ಕಳೆ ಹಕ್ಕಳೆಯಾಗಿ ಬಣ್ಣ ಬಿಡಿಸುವುದು, ಮೂರು ವರ್ಷದ ಭಾನುವಾರಗಳು, ನೆಲಕ್ಕೆ ಮೊಣಕಾಲೂರಿ. ಪೂರ್ತಿ ಕೆಟ್ಟ ಹದಿನೇಳು ಇಟ್ಟಿಗೆಗಳನ್ನು ಅವರೂ ಮಧುಕರನೂ ಒಂದೊಂದಾಗಿ ಈಚೆ ತೆಗೆದು, ಬೆನ್ನು ಮುಂದೆ ಬರುವಂತೆ ತಿರುಗಿಸಿ ಕೂರಿಸಿದರು. ಯಾವ ಹದಿನೇಳು ಎಂದು ಅವಳು ಕಣ್ಣು ಮುಚ್ಚಿ ತೋರಿಸಬಲ್ಲಳು. ಆ ಮೂರು ವರ್ಷದಲ್ಲಿ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅವಳು ತಪ್ಪಾಯಿತು ಅನ್ನಲಿಲ್ಲ. ಅವರು ಬೈದಿದ್ದರೆ ಅಂದುಬಿಡುತ್ತಿದ್ದಳು. ಬೈಯದೆ ಇದ್ದದ್ದಕ್ಕೆ ಅವಳಿಗೆ ಅವರ ಮೇಲೆ ಇನ್ನೂ ಸಿಟ್ಟಿತ್ತು. ಈಗಲೂ, ಇಲ್ಲಿ ನಿಂತೂ ಇತ್ತು.

"ಹೌದೋ ಮಂದಾರ. ಅವರಿಗೆ ಸೇರ್ತಿದ್ದಿಲ್ಲ" ಎಂದಳು. ದನಿ ತಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಬ್ಯಾಡಾಗಿದ್ರ ಎದ್ದು ಹೇಳಲಿ. ನಲವತ್ತೊಂದು ವರ್ಷ, ಒಂದ್ಸಲ ಬಿಟ್ರ, ಈ ಗ್ವಾಡಿ ವಿಷಯದಾಗ ನಾ ಅವರ ಮಾತು ಕೇಳೀನಿ. ಇವತ್ತೊಂದಿನ ಅವರು ನನ್ನ ಮಾತು ಕೇಳಲಿ. ಈ ಗ್ವಾಡಿ ನಿನ್ನದು, ಕಾಗದದ ಮ್ಯಾಲ ನಿನ್ನ ಹೆಸರದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದನ್ನ ನಾ ಕೆಡಿಸೀನಿ, ಅವರು ನೆಟ್ಟಗ ಮಾಡ್ಯಾರ. ನೀ ಏನ್ ಮಾಡೀದಿ? ಅವರಿಗೆ ಕೂಡಾಕ ಇದೇ ಗ್ವಾಡಿ."

ಶಿವಪ್ರಕಾಶ "ಅವ್ವಾ, ಸಾಕು" ಎಂದ. ಅವಳಿಗೆ ತಾನು ಕೊನೆಯಲ್ಲಿ ಕೇಳಿದ ಪ್ರಶ್ನೆ ಅನ್ಯಾಯದ್ದೆಂದು ತಿಳಿದಿತ್ತು. ಮನೆ ಮಾರಿಬಿಟ್ಟಿದ್ದರೆ ಮಂದಾರನಿಗೆ ನಾಲ್ಕು ಫ್ಲ್ಯಾಟು ಸಿಗುತ್ತಿದ್ದವು, ಮಾರಲಿಲ್ಲ. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಇವತ್ತು ನ್ಯಾಯವಾಗಿ ನಡೆಯಲು ಅವಳಿಗೆ ಮನಸ್ಸಿರಲಿಲ್ಲ.

"ಮಧುಕರ, ಒಂದು ಬಿದಿರಿನ ಗೂಟ ಕೆತ್ತಿ ಕೊಡು. ಕಬ್ಬಿಣದ್ದು ಬ್ಯಾಡ. ತುಕ್ಕು ಇಳೀತದ" ಎಂದು ಮರಾಠಿಯಲ್ಲಿ ಹೇಳಿದಳು. ಮಧುಕರ ಮಂದಾರನ ಮುಖ ನೋಡಿದ. ಮಂದಾರ ಕಿಟಕಿಯ ಕಡೆ ತಿರುಗಿ ನಿಂತ. ಮುದುಕ ಏರಿ ಕೆಲಸ ಮಾಡುವ ಪರಾಂಚಿಯ ಬಿದಿರಿನ ತುಂಡೊಂದನ್ನು ಸೀಳಿ ಕೆತ್ತಿದ. "ಮೀ ಮಾರತೋ", ನಾನು ಹೊಡೆಯುತ್ತೇನೆ ಎಂದು ಸುತ್ತಿಗೆ ಎತ್ತಿದ. ಅವಳು ಕೈ ಚಾಚಿ ಸುತ್ತಿಗೆ ಇಸಿದುಕೊಂಡಳು. ನೆಲಕ್ಕೆ ಮೊಣಕಾಲೂರಿ ಕೂತು ಸಾಲು ಎಣಿಸಿದಳು, ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ. ಹನ್ನೆರಡನೆಯ ಸಾಲಿನ ಮೇಲಿನ ಸಂದಿನಲ್ಲಿ ಬಿದಿರ ತುದಿಯಿಂದ ಹಸಿ ಸುಣ್ಣ ಕೆರೆದಳು. ಮೆತ್ತಗೆ, ಗಟ್ಟಿ ಮೊಸರಿನಂತೆ ಬಂತು. ಇಟ್ಟಿಗೆಗೆ ಪೆಟ್ಟು ಬೀಳಬಾರದು, ಸಂದಿಗೆ ಮಾತ್ರ. ಸಂದನ್ನು ಮತ್ತೆ ತುಂಬಬಹುದು. ಇಷ್ಟನ್ನು ಹೂಂಗುಟ್ಟುತ್ತಲೇ ಕಲಿತಿದ್ದಳಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಮೊದಲ ಪೆಟ್ಟು ನೇರ ಬಿತ್ತು. ಎರಡನೆಯದೂ. ಮೂರನೆಯದಕ್ಕೆ ಸುತ್ತಿಗೆ ಜಾರಿ ಕೆಳಗಿನ ಇಟ್ಟಿಗೆಯ ಅಂಚಿಗೆ ತಾಗಿತು. ಬೆರಳುಗುರಿನಷ್ಟು ಕೆಂಪು ಚೂರು ಸಿಡಿದು ಫರಶಿಯ ಮೇಲೆ ಬಿತ್ತು. ಹಿಂದೆ ಮಂದಾರ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಅವಳು ಆ ಚೂರಿನತ್ತ ನೋಡಲಿಲ್ಲ. ನಾಲ್ಕನೆಯದು, ಐದನೆಯದು. ಗೂಟ ಹಿಡಿದು ಎಳೆದು ನೋಡಿದಳು. ಅಲುಗಲಿಲ್ಲ.

"ತಪ್ಪಾತು" ಎಂದಳು ಆಗ, ಗೋಡೆಗೆ ಮುಖಮಾಡಿಯೇ, ಕನ್ನಡದಲ್ಲಿ. ಇಟ್ಟಿಗೆಯ ಚೂರಿಗೆ ಹೇಳಿದಳೆಂದು ಮಂದಾರ ತಿಳಿದುಕೊಂಡ. "ಅಸೂ ದ್ಯಾ, ಕಾಕೂ" ಎಂದ, ಇರಲಿ ಬಿಡಿ ಎಂದು. ಅವಳು ತಿದ್ದಲಿಲ್ಲ. ಹದಿನೆಂಟು ವರ್ಷ ತಡವಾಗಿ, ಬೇರೊಬ್ಬನ ಮನೆಯಲ್ಲಿ, ಬೇರೆಯವರು ಒಪ್ಪಿಕೊಂಡ ಆ ಮಾತು ತಲುಪಬೇಕಾದವರಿಗೆ ತಲುಪಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ.

ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಮಣೆಯ ಮೇಲೆ ಕೂಡಿಸಿದಾಗ ಬೆನ್ನು ಗೋಡೆಗೆ ಸರಿಯಾಗಿ ಕೂತಿತು. ಪಟ್ಟಿ ಗೂಟಕ್ಕೆ ಕಟ್ಟಿದ ಮೇಲೆ ತಲೆ ನೆಟ್ಟಗಾಯಿತು. ಬದುಕಿದ್ದಾಗ ಯಾವಾಗಲೂ ಒಂದಿಷ್ಟು ಬಾಗಿಯೇ ಇರುತ್ತಿದ್ದ ಮನುಷ್ಯ, ಆಫೀಸಿನಲ್ಲಿ ಮೇಜಿನ ಮೇಲೆ, ಮನೆಯಲ್ಲಿ ಗೋಡೆಯ ಬುಡದಲ್ಲಿ, ಮಾಲಕರೆದುರು, ಬೀಗರೆದುರು. ಈಗ ಬಂದವರೆಲ್ಲ ಅವರೆದುರು ಬಾಗುತ್ತಿದ್ದರು. ಪುಣೆಯ ಮೂಲೆ ಮೂಲೆಯಿಂದ ತಮ್ಮ ಮಂದಿ ಬಂದರು. ಬೆಳಗಾವಿಯಿಂದ ನೀತಾಳ ತಂದೆಯೂ ಮಧ್ಯಾಹ್ನಕ್ಕೆ ಬಂದು ಮುಟ್ಟಿದರು. ಅವರು ಬಹಳ ಹೊತ್ತು ಗೋಡೆ ನೋಡಿ, ಏನಾದರೂ ಒಳ್ಳೆಯದು ಹೇಳಬೇಕೆಂದು, "ಗ್ವಾಡಿ ಭಾರಿ ಆಗೇದ ನೋಡ್ರಿ, ಬೀಗ್ತ್ಯಾರ" ಎಂದರು. "ಮೊದಲಿಂದೂ ಹಿಂಗ ಇತ್ರಿ" ಎಂದಳು ಶಿವಗಂಗವ್ವ. ಒದ್ದೆ ಸುಣ್ಣದ ವಾಸನೆ ಊದಿನಕಡ್ಡಿಯ ವಾಸನೆಯನ್ನು ಹತ್ತಿಕ್ಕಿತ್ತು. ಗಂಡನ ಬಿಳಿ ಅಂಗಿಯ ಬೆನ್ನಿಗೆ ನೀರು ಏರುತ್ತಿದ್ದುದನ್ನು ಅವಳು ನೋಡಿದಳು. ನೆಗಡಿಯಾದೀತೆಂದು ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ನೆನಪಾಗಿ, ಆಗ ಮೊದಲ ಸಲ ಅತ್ತಳು.

ತೆರೆದ ಟೆಂಪೊದಲ್ಲಿ ಹೂವಿನ ಮಂಟಪದೊಳಗೆ ಕೂಡಿಸಿ ಹೊರಟಾಗ ಮಗ "ನೀ ಮನ್ಯಾಗ ಇರವ್ವಾ" ಎಂದ. ಅವಳು ಟೆಂಪೊ ಹತ್ತಿದಳು. ಮಂದಾರನೂ ಹತ್ತಿದ, ಅವಳತ್ತ ನೋಡಲಿಲ್ಲ, ಆದರೆ ತಿರುವುಗಳಲ್ಲಿ ಮಂಟಪ ವಾಲದಂತೆ ದಾರಿಯುದ್ದಕ್ಕೂ ಕೈಕೊಟ್ಟು ಹಿಡಿದಿದ್ದ. ಸಿಗ್ನಲಿನಲ್ಲಿ ಸ್ಕೂಟರಿನವರು ತಲೆಯೆತ್ತಿ ನೋಡಿ, ಕೂತವರು ಬದುಕಿದ್ದಾರೆಂದೇ ತಿಳಿದು ಕೈಮುಗಿದರು.

ರುದ್ರಭೂಮಿಯಲ್ಲಿ ಕುಣಿಯೊಳಗೆ ಪಕ್ಕದ ಮಣ್ಣು ಕೊರೆದು ಗೂಡು ಮಾಡಿದ್ದರು. ಅದರಲ್ಲಿ ಕೂಡಿಸಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರಿ ತುಂಬಿದರು. ಅಯ್ಯನವರು ಮಂತ್ರ ಮುಗಿಸಿ ಮೇಲೆ ಹತ್ತಿದ ಮೇಲೆ, ಎಲ್ಲರೂ ಹಿಡಿ ಮಣ್ಣು ಹಾಕುವ ಮೊದಲು, ಶಿವಗಂಗವ್ವ ಅಂಚಿಗೆ ಬಂದು ಕೂತಳು. ಅಯ್ಯನವರ ಮಂತ್ರ ಸಂಸ್ಕೃತದಲ್ಲಿತ್ತು. ಅವಳಿಗೆ ತನ್ನ ಮಾತಿನಲ್ಲಿ ಹೇಳುವುದಿತ್ತು. ಸೆರಗು ಚಾಚಿ, ಯಾರಿಗೂ ಅಂಜದೆ, ದೊಡ್ಡ ದನಿಯಲ್ಲಿ ಹೇಳಿದಳು:

"ಶಿವನೇ, ನಿನ್ನ ಮಗ ನಿನ್ನ ಹಂತೇಕ ಬಂದಾನ. ದಣದಾನ. ಒಂದೀಟು ಕೂಡಾಕ ಜಾಗಾ ಕೊಡು, ಎಬ್ಬಸಬ್ಯಾಡ. ಭಾಳ ಮಾತಾಡಂಗಿಲ್ಲ ಅವರು. ಹಸಿವು ಆದ್ರೂ ಹೇಳಂಗಿಲ್ಲ, ನೋವಾದ್ರೂ ಹೇಳಂಗಿಲ್ಲ, ಸುಮ್ನ ಕುಂತಾರಂದ್ರ ಎಲ್ಲಾ ಸರಿ ಅದ ಅಂತ ತಿಳೀಬ್ಯಾಡ. ನಾ ಹಂಗ ತಿಳದೆ. ನೀ ತಿಳೀಬ್ಯಾಡ. ನೀನಾಗೇ ಕೇಳು. ಅವರ ಜೀವಕ್ಕ ಶಾಂತಿ ಕೊಡು, ನನ್ನಪ್ಪಾ. ಶಾಂತಿ ಕೊಡು."